ಎಡಗೈಯ ಆಣೆ

ನ್ಯೂರೆಂಬರ್ಗ್
ಸಂತ ಮೈಕೇಲನ ಹಬ್ಬದ ಮರುದಿನ, 1536

ಎಂಡ್ರೆಸ್ ಚಿಕ್ಕಪ್ಪನಿಗೆ,

ಅಪ್ಪನನ್ನು ಮಣ್ಣು ಮಾಡಿ ಬಂದೆವು. ನಿಮಗಾಗಿ ಕಾಯೋಣವೆಂದರೆ, ನೀವು ಯಾವ ಊರಿನ ಯಾವ ಚರ್ಚಿನ ಮೆಟ್ಟಿಲ ಮೇಲೆ ಚಿತ್ರದ ಗಂಟು ಬಿಚ್ಚಿಕೊಂಡು ಕೂತಿದ್ದೀರೋ ಯಾರಿಗೆ ಗೊತ್ತಿತ್ತು? ಚಳಿ ಶುರುವಾದರೆ ನೀವು ಉಲ್ಮ್‌ನ ಛತ್ರ ಬಿಟ್ಟು ಕದಲುವುದಿಲ್ಲ ಎಂದು ನೆನಪಾಗಿ, ಇದನ್ನು ಆ ಕಡೆ ಹೋಗುವ ಗಾಡಿಯವನ ಕೈಗೆ ಕೊಡುತ್ತಿದ್ದೇನೆ.

ವೈದ್ಯ ಎದೆನೋವು ಎಂದ. ಅವನಿಗೇನು ಗೊತ್ತು. ಈ ಸಲ ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ಕಾಲದ ಫ್ರಾಂಕ್‌ಫರ್ಟ್ ಸಂತೆಗೆ ಅಪ್ಪ ತಾವೇ ಹೋಗಿದ್ದರಲ್ಲ, ಅಲ್ಲಿ ಒಬ್ಬ ಗಿರಾಕಿ ಅವರ ಬಳಿ ಉಳಿದಿದ್ದ ಹೆಬ್ಬೆರಳಗಲದ ಸಂತ ಕ್ರಿಸ್ಟೋಫರನ ಅಚ್ಚುಚಿತ್ರವನ್ನು ಕೈಗೆತ್ತಿಕೊಂಡು ನೋಡಿ, ಮತ್ತೆ ಹಲಗೆ ಮೇಲೆ ಎಸೆದನಂತೆ. "ಇದು ಉಲ್ಮ್‌ನ ಲುಟ್ಸ್ ರೌಕ್‌ದಲ್ವಾ? ನಕಲು ಮಾಡೋದೂ ಅಲ್ದೆ ಗಂಟೆ ಗುರುತು ಬೇರೆ ಹಾಕ್ಕೊಂಡಿದೀಯಲ್ಲಯ್ಯ ಮುದುಕಾ, ನಾಚ್ಕೆ ಆಗಲ್ವಾ?" ಎಂದನಂತೆ. ಅಕ್ಕಪಕ್ಕದವರೆಲ್ಲ ನಕ್ಕರಂತೆ. ಅಪ್ಪ ಮನೆಗೆ ಬಂದು, ತಾಮ್ರದ ತಗಡು ಇಟ್ಟು ಕೆತ್ತುವ ಚರ್ಮದ ದಿಂಬನ್ನು ಎತ್ತಿ ಬೀರುವಿನೊಳಗೆ ಹಾಕಿದರು. ಮತ್ತೆ ಉಳಿ ಮುಟ್ಟಲಿಲ್ಲ. ಅಲ್ಲಿಂದ ಮುಂದೆ ಅವರು ಬದುಕಿದ್ದು ನನ್ನ ಬಲವಂತಕ್ಕೆ.

ಆ ಸಂತ ಕ್ರಿಸ್ಟೋಫರನನ್ನು ಅವರು ಕೆತ್ತುವಾಗ ನಾನು ಪಕ್ಕದಲ್ಲಿ ಕೂತಿದ್ದೆ. ಲುಟ್ಸ್ ಆಗ ನಮ್ಮ ಮನೆಯ ಕೆಲಸಗಾರ, ಎದುರಿಗೆ ಕೂತು ಉಳಿ ಮಸೆಯುತ್ತಿದ್ದ. ಅವನು ಅಪ್ಪನ ತಗಡುಗಳ ಪೆಟ್ಟಿಗೆಯನ್ನೂ ನನ್ನ ತಂಗಿ ಆಗ್ನೆಸ್‌ಳನ್ನೂ ಒಟ್ಟಿಗೆ ಉಲ್ಮ್‌ಗೆ ಹಾರಿಸಿಕೊಂಡು ಹೋದ. ತಗಡಿನ ಮೂಲೆಯಲ್ಲಿದ್ದ ಗಂಟೆಯನ್ನು, ನಮ್ಮ ಶೆಲ್ ಮನೆತನದ ಗುರುತನ್ನು, ಉಜ್ಜಿ ಅಳಿಸಿ ತನ್ನ ಅಕ್ಷರ ಕೆತ್ತಿಕೊಂಡ. ಆಮೇಲೆ ನಾವು ಹೊಸದಾಗಿ ಏನು ಮಾಡಿದರೂ ಅದರ ನಕಲು ಇಳಿಸುತ್ತಿದ್ದಾನೆ. ಈಗ ನಾವೇ ನಕಲು, ಅವನೇ ಅಸಲು! ಅವನು ನನ್ನ ಬೆರಳಿಗೆ ಉಂಗುರ ಹಾಕಿದ್ದವನು ಎನ್ನುವ ಮಾತು ಬಿಡಿ, ಅದು ಮುಗಿದ ಕಥೆ.

ನೀವು ಅವನ ಅಂಗಡಿಯೊಳಗೆ ಹೋಗಿ ನೋಡಿಕೊಂಡು ಬನ್ನಿ. ಅವನು ಯಾವುದಕ್ಕೆ ಬಾಯಿ ಬಿಡುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ಎರಡೂ ನನಗೆ ಬೇಕು. ಅವನನ್ನು ಮುಳುಗಿಸುವ ತನಕ ನಾನು ಈ ಕರಿ ಬಟ್ಟೆ ತೆಗೆಯುವವಳಲ್ಲ. ಆಗ್ನೆಸ್‌ಗೆ ಅಪ್ಪನ ಸುದ್ದಿ ಹೇಳುವುದೂ ಬಿಡುವುದೂ ನಿಮಗೆ ಸೇರಿದ್ದು. ಅವಳ ಕಾಗದ ಬಂದರೆ ನಾನು ಒಡೆಯದೆ ವಾಪಸ್ಸು ಕಳಿಸುತ್ತೇನೆ, ಇನ್ನು ಮುಂದೆಯೂ ಕಳಿಸುತ್ತೇನೆ.

ನಿಮ್ಮ ಅಣ್ಣನ ಮಗಳು
ಉರ್ಸುಲಾ


ಉಲ್ಮ್
ಸಂತ ಮಾರ್ಟಿನನ ಹಬ್ಬ, 1536

ಮಗಳೇ ಉರ್ಸುಲಾ,

ನಿನ್ನ ಕಾಗದ ಓದಿ ಛತ್ರದ ಹೆಂಗಸಿನ ಎದುರೇ ಅತ್ತುಬಿಟ್ಟೆ. ಅವಳು ಪಾಪ ಬಿಯರ್‌ನಲ್ಲಿ ಏನೋ ಬಿದ್ದಿದೆ ಅಂದುಕೊಂಡು ಬೇರೆ ಲೋಟ ತಂದಿಟ್ಟಳು. ಅಣ್ಣನ ಹೆಸರಲ್ಲಿ ಅದನ್ನೂ ಕುಡಿದೆ.

ಆಮೇಲೆ ಅಳಿಯ ದೇವರ ದರ್ಶನಕ್ಕೆ ಹೋದೆ. ಕೊರಳಿಗೆ ನರಿಚರ್ಮದ ಪಟ್ಟಿ, ಬೆರಳಿಗೆ ಹರಳು. ಕೈ ನೋಡಿದೆ, ಒಂದು ಗೀರಿಲ್ಲ, ಒಂದು ದಡ್ಡಿಲ್ಲ. ಪಾದ್ರಿಯ ಕೈ ಇದ್ದ ಹಾಗಿದೆ. ನನ್ನನ್ನು ಕಂಡು, "ಓಹೋ, ಎಂಡ್ರೆಸ್ ಮಾವ! ಇನ್ನೂ ಬೆನ್ನ್ ಮೇಲೇ ಹೊತ್ಕೊಂಡು ತಿರುಗ್ತಾ ಇದೀರಾ? ಕತ್ತೆಗಾದ್ರೂ ವಯಸ್ಸಾದ್ಮೇಲೆ ಹುಲ್ಲು ಹಾಕಿ ಕೂರಿಸ್ತಾರೆ" ಎಂದ.

"ಕತ್ತೆಗೆ ಕದಿಯೋಕೆ ಬರಲ್ವಲ್ಲಪ್ಪ, ಅದಕ್ಕೇ ಕಡೇ ತನಕ ದುಡೀಬೇಕು" ಎಂದೆ. ನಕ್ಕುಬಿಟ್ಟ ಭಂಡ.

ಈಗ ಕೆಟ್ಟ ಸುದ್ದಿ ಕೇಳು. ಅವನು ಈ ಊರಿನ ನಗರಸಭೆಗೆ ಅರ್ಜಿ ಹಾಕಿದ್ದಾನೆ. ತನ್ನ ಗುರುತಿರುವ ಎಲ್ಲ ಹಾಳೆಯನ್ನೂ ತಾನೇ, ತನ್ನ ಕೈಯಿಂದಲೇ ಕೆತ್ತಿದ್ದು, ನ್ಯೂರೆಂಬರ್ಗ್‌ನ ಗಂಟೆ ಗುರುತಿನವು ಅದರ ನಕಲು ಎಂದು ಹಿರಿಯರ ಎದುರು ಬಲಗೈ ಎತ್ತಿ ಆಣೆಯಿಟ್ಟು ಬಂದಿದ್ದಾನೆ. ವಸಂತದಲ್ಲಿ ಮೇಯರ್ ಜನರೆದುರು ಆಣೆಯಿಡುವ ಪ್ರಮಾಣದ ದಿನ ಕಳೆದ ಮೇಲೆ ಅವನಿಗೆ ರಕ್ಷಣೆಯ ಪತ್ರ ಸಿಗುತ್ತದಂತೆ. ಸಿಕ್ಕಿತೋ, ನಾನು ಈ ಊರಲ್ಲಿ ಗಂಟು ಬಿಚ್ಚುವ ಹಾಗಿಲ್ಲ. ಉಲ್ಮ್ ಕೊಟ್ಟಿತು ಎಂದು ಉಳಿದ ಊರುಗಳೂ ಕೊಡುತ್ತವೆ. ಆಮೇಲೆ ನಿಮ್ಮಪ್ಪನ ಗಂಟೆ ನಿಮ್ಮ ಮನೆಯೊಳಗೆ ಮಾತ್ರ ಬಾರಿಸಬೇಕು. ಅವನು ಬಾಯಿ ಬಿಡುವುದು ಸಭೆಯ ಹಿರಿಯರ ಮೆಚ್ಚುಗೆಗೆ. ಹೆದರುವುದೂ ಅವರಿಗೇ.

ಆಗ್ನೆಸ್ ಬೇಳೆ ಸಾರು ತಂದಿಟ್ಟಳು. "ನಮ್ಮನೆಯೋಳು, ಮಸಿ ಅರೀತಾಳೆ" ಎಂದು ಅವನು ಅಲ್ಲಿದ್ದ ಗಿರಾಕಿಗೆ ಪರಿಚಯ ಹೇಳಿದ. ಅವನು ಒಳಗೆ ಹೋದ ಮೇಲೆ ಅವಳು ಮೆಲ್ಲಗೆ, "ಅಪ್ಪ ಹೆಂಗಿದಾರೆ ಚಿಕ್ಕಪ್ಪ?" ಎಂದಳು. ಹೇಳಿದೆ. ಕೈ ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಇದ್ದಳು. ಕೊನೆಗೆ, "ಅಕ್ಕ ನಂಗೊಂದು ಮಾತು ಹೇಳಿ ಕಳಿಸ್ಲಿಲ್ವಾ?" ಎಂದು ಕೇಳಿದಳು.

ಇನ್ನೊಂದು. ಮೊದಲೆಲ್ಲ ಅವನ ನಕಲುಗಳು ತಿರುಗುಮುರುಗಾಗಿ ಬರುತ್ತಿದ್ದವಲ್ಲ, "ಲುಟ್ಸ್‌ನ ಸ್ವರ್ಗದಲ್ಲಿ ಸಂತರೆಲ್ಲ ಎಡಗೈಲೇ ಉಣ್ತಾರೆ" ಎಂದು ನಿಮ್ಮಪ್ಪ ನಗುತ್ತಿದ್ದ. ಈಚೆಗೆ ನೆಟ್ಟಗೆ ಬರುತ್ತಿವೆ. ಗೆರೆಯೂ ಚೆನ್ನಾಗಿದೆ. ಕಳ್ಳನಾದರೂ ಕಲಿತಿದ್ದಾನೆ.

ನಿನ್ನ ಚಿಕ್ಕಪ್ಪ
ಎಂಡ್ರೆಸ್


ನ್ಯೂರೆಂಬರ್ಗ್
ಕ್ಯಾಂಡಲ್ ಹಬ್ಬದ ವಾರ, 1537

ಚಿಕ್ಕಪ್ಪಾ,

ಈ ಕಾಗದದ ಜೊತೆ ಮಡಿಸಿಟ್ಟಿರುವ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ನಿಮ್ಮ ಕಣ್ಣಿಗೆ ಚಿಕ್ಕದಾದರೆ ಛತ್ರದ ಹೆಂಗಸಿನ ಕೈಲಿ ನೋಡಿಸಿ.

ಉಲ್ಮ್‌ನ ಪ್ರಮಾಣದ ದಿನ ಅದು. ಮೇಯರ್ ಎತ್ತರದಲ್ಲಿ ನಿಂತು, ಬಡವ ಬಲ್ಲಿದ ಎನ್ನದೆ ನಡೆದುಕೊಳ್ಳುತ್ತೇನೆ ಎಂದು ಬಲಗೈ ಎತ್ತಿ ಜನರಿಗೆ ಮಾತು ಕೊಡುತ್ತಿದ್ದಾರೆ. ಹಿಂದೆ ಸಭೆಯ ಹಿರಿಯರು, ಅವರದೂ ಬಲಗೈ. ಕೆಳಗೆ ಜನ, ಎಲ್ಲರದೂ ಬಲಗೈ. ಇಷ್ಟೂ ಒಂದು ಇಸ್ಪೀಟೆಲೆಯ ಅರ್ಧದಷ್ಟು ಜಾಗದಲ್ಲಿ. ಇಷ್ಟು ಚೆನ್ನಾಗಿ ನಾನು ಬೇರೆ ಯಾವುದನ್ನೂ ಕೆತ್ತಿಲ್ಲ. ಸಿಟ್ಟು ಕೈಯನ್ನು ಅಲುಗಿಸುತ್ತದೆ ಅನ್ನುತ್ತಾರೆ, ನನ್ನ ಕೈ ಅಲುಗಲಿಲ್ಲ.

ನಮ್ಮ ಕಸುಬು ನಿಮಗೆ ಗೊತ್ತೇ ಇದೆ. ತಗಡಿನಲ್ಲಿ ಬಲಕ್ಕಿದ್ದದ್ದು ಅಚ್ಚು ಹಾಕಿದಾಗ ಕಾಗದದ ಮೇಲೆ ಎಡಕ್ಕೆ ಬೀಳುತ್ತದೆ. ನಕಲು ಮಾಡುವವನು ಹಾಳೆಯನ್ನು ಕನ್ನಡಿಯಲ್ಲಿ ನೋಡಿಕೊಂಡು ಕೆತ್ತಿದರೆ ನೆಟ್ಟಗೆ ಬರುತ್ತದೆ, ಅದಕ್ಕೆ ದುಪ್ಪಟ್ಟು ಹೊತ್ತು ಬೇಕು. ಎದುರಿಗಿಟ್ಟುಕೊಂಡು ಕಂಡ ಹಾಗೇ ಕೆತ್ತಿದರೆ ಬೇಗ ಮುಗಿಯುತ್ತದೆ, ಆದರೆ ತಿರುಗಿ ಬರುತ್ತದೆ. ತಾಯಿ ಮರಿಯಳ ಮಗು ಈ ತೋಳಿನ ಬದಲು ಆ ತೋಳಲ್ಲಿದ್ದರೆ ಯಾರು ಕೇಳುತ್ತಾರೆ? ಲುಟ್ಸ್ ಇಷ್ಟು ದಿನ ದಕ್ಕಿಸಿಕೊಂಡದ್ದು ಹೀಗೆ. ಆದರೆ ಆಣೆಯಿಡುವ ಕೈ ತಿರುಗಿದರೆ? ಎಡಗೈಯಲ್ಲಿ ಆಣೆಯಿಡುವವನು ಸುಳ್ಳ. ಮೇಯರ್ ಸುಳ್ಳ, ಸಭೆಯೆಲ್ಲ ಸುಳ್ಳರು, ಕೆಳಗೆ ಲುಟ್ಸ್ ರೌಕ್‌ನ ಗುರುತು! ಅದನ್ನು ಅವನು ತಾನೇ ತಟ್ಟೆಯಲ್ಲಿಟ್ಟುಕೊಂಡು ಹೋಗಿ ಹಿರಿಯರ ಕೈಗೆ ಕೊಡಬೇಕು.

ಅವನು ಕನ್ನಡಿ ಇಡುವುದನ್ನು ಕಲಿತಿದ್ದಾನೆ ಎಂದಿರಿ. ಅದಕ್ಕೇ ಹಾಳೆಯನ್ನು ಈಗಲೇ ತೋರಿಸಬೇಡಿ. ಪ್ರಮಾಣದ ದಿನ ಇನ್ನೇನು ಬಂತು ಎನ್ನುವಾಗ ಅವನ ಅಂಗಡಿಗೆ ಹೋಗಿ, ಉರ್ಸುಲಾ ಇದನ್ನು ಅವತ್ತು ಚೌಕದಲ್ಲಿ ಮಾರಿಸುತ್ತಾಳೆ ಎಂದು ಹೊಟ್ಟೆ ಉರಿಸಿ. ಹಾಳೆ ಅಲ್ಲೇ ಮರೆತು ಬನ್ನಿ. ನನ್ನನ್ನು ಹಿಂದೆ ಹಾಕುವ ಆತುರದಲ್ಲಿ ಅವನಿಗೆ ಕನ್ನಡಿ ಇಡಲು ಪುರಸೊತ್ತು ಇರಬಾರದು.

ಆಗ್ನೆಸ್ ಗತಿ ಏನು ಎಂದು ನೀವು ಬರೆಯುತ್ತೀರಿ, ಗೊತ್ತು. ಅವಳು ಮಾಡಿದ್ದನ್ನು ಅವಳು ಉಣ್ಣಲಿ.

ಉರ್ಸುಲಾ


ಉಲ್ಮ್
ಈಸ್ಟರ್ ಕಳೆದ ಎರಡನೆಯ ವಾರ, 1537

ಉರ್ಸುಲಾ,

ನೀನು ಹೇಳಿದ ಹಾಗೇ ಮಾಡಿದ್ದೇನೆ. ನಿನ್ನ ಮೇಲಿನ ಪ್ರೀತಿಗಲ್ಲ, ಅಣ್ಣನ ಮೇಲಿನ ಪ್ರೀತಿಗೆ ಎಂದು ತಿಳಿದುಕೊ.

ಲುಟ್ಸ್ ಹಾಳೆ ನೋಡಿ ಕೆಂಪಗಾದ. "ಆ ಮುದಿ ಕನ್ಯೆ ನಮ್ಮೂರಿನ ಹಬ್ಬಾನ ನಮ್ಮೂರಲ್ಲೇ ಬಂದು ಮಾರ್ತಾಳಾ? ಮಾರ್ಲಿ ನೋಡೋಣ" ಎಂದ. ಬಿಯರ್ ಬೇಕಾ ಮಾವ ಎಂದು ಕೇಳಿದ, ಜನ್ಮದಲ್ಲಿ ಮೊದಲ ಸಲ. ನಾನು ಕುಡಿದು ಹಾಳೆ ಮರೆತು ಎದ್ದು ಬಂದೆ. ಬಾಗಿಲಲ್ಲಿ ತಿರುಗಿ ನೋಡಿದರೆ ಅದು ಆಗ್ನೆಸ್ ಕೈಯಲ್ಲಿತ್ತು. ಕಿಟಕಿಯ ಹತ್ತಿರ ನಿಂತು ನೋಡುತ್ತಿದ್ದಳು. ಹೆಂಗಸರು ಸತ್ತವರ ಬಟ್ಟೆ ನೋಡುವ ಹಾಗೆ ನೋಡುತ್ತಿದ್ದಳು ಕಣೇ. ನನಗೆ ಆ ಬಿಯರ್ ದಕ್ಕಲಿಲ್ಲ.

ಪ್ರಮಾಣದ ದಿನ ನಾನು ಈ ಊರಲ್ಲಿ ಇರುವುದಿಲ್ಲ. ಮುದುಕನಿಗೆ ಓಡಲು ಆಗುವುದಿಲ್ಲ, ಅದಕ್ಕೇ ಮೊದಲೇ ಹೊರಟಿದ್ದೇನೆ.

ಎಂಡ್ರೆಸ್


ಉಲ್ಮ್
ಪೆಂಟೆಕೋಸ್ಟ್ ಹಬ್ಬದ ಹಿಂದಿನ ದಿನ, 1537

ಅಕ್ಕಾ,

ಇದನ್ನು ವಾಪಸ್ಸು ಕಳಿಸಬೇಡ. ನಿನಗೆ ಬೇಕಾದ ಸುದ್ದಿ ಒಳಗಿದೆ.

ಪ್ರಮಾಣದ ದಿನ ಬೆಳಿಗ್ಗೆ ಲುಟ್ಸ್ ಹೊಸ ಅಂಗಿ ತೊಟ್ಟು, ಹಾಳೆಗಳನ್ನು ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿಕೊಂಡು ಚೌಕಕ್ಕೆ ಹೋದ. ತಟ್ಟೆ ಪಕ್ಕದ ಮನೆಯಿಂದ ಕಡ ತಂದದ್ದು. ಮೇಯರ್ ಕೈಗೆ ಒಂದು, ಹಿರಿಯರಿಗೆ ಒಂದೊಂದು, ಉಳಿದದ್ದು ಜನಕ್ಕೆ. ನಾನು ಹಿಂದೆ ಬುಟ್ಟಿ ಹಿಡಿದಿದ್ದೆ. ಮೇಯರ್ "ಚೆನ್ನಾಗಿದೆ, ಚೆನ್ನಾಗಿದೆ" ಎಂದು ತೋಳಿನ ಮಡಿಕೆಗೆ ಸಿಕ್ಕಿಸಿಕೊಂಡರು. ಅಷ್ಟರಲ್ಲಿ ಜನರ ನಡುವೆ ಒಬ್ಬ ಕಟುಕ, ಆನೆಯ ಗಂಟಲು ಅವನದು, "ಲೇ ಬನ್ರೋ ಇಲ್ಲಿ! ಮೇಯರ್ ದಣಿಗಳು ಎಡಗೈಲಿ ಆಣೆ ಇಡ್ತಾವ್ರೆ! ಹೋದ್ ವರ್ಷದ್ದೂ ಹಿಂಗೇ ಇಟ್ಟಿದ್ರಾ ಏನ್ ಕತೆ?" ಎಂದು ಕೂಗಿದ. ಮೊದಲು ಒಂದು ಮೂಲೆ ನಕ್ಕಿತು, ಆಮೇಲೆ ಚೌಕಕ್ಕೆ ಚೌಕವೇ. ಯಾರೋ ಹೆಂಗಸು, "ಅದಕ್ಕೇ ಬ್ರೆಡ್ಡು ಚಿಕ್ಕದಾಗಿರೋದು!" ಎಂದಳು. ಮೇಯರ್ ಮೇಲೆ ನಿಂತು ನಿಜವಾದ ಬಲಗೈ ಎತ್ತಿದಾಗ ಕೆಳಗಿನಿಂದ "ಆ ಕೈ ಅಲ್ಲ, ಈ ಕೈ!" ಎಂದು ಕೂಗು. ನಾನು ಬುಟ್ಟಿಯನ್ನು ನೆಲಕ್ಕಿಟ್ಟು, ಅಪ್ಪ ಸತ್ತ ಸುದ್ದಿ ಕೇಳಿದ ಮೇಲೆ ಮೊದಲ ಸಲ ಹೊಟ್ಟೆ ತುಂಬ ನಕ್ಕೆ. ನೀನು ನೋಡಬೇಕಿತ್ತು.

ಮಾರನೆಯ ದಿನ ಸಭೆಯಿಂದ ಕರೆ ಬಂತು. "ಯಾರು ಕೆತ್ತಿದ್ದು ಇದನ್ನ?" ಎಂದು ಕೇಳಿದರು. ಲುಟ್ಸ್ ನನ್ನ ಕಡೆ ಬೆರಳು ಮಾಡಿದ. "ನಾನಲ್ಲ ಸ್ವಾಮಿ, ಇವಳು. ಈಗ ಎಲ್ಲಾನೂ ಇವಳೇ ಕೆತ್ತೋದು. ನಾನು ಉಳಿ ಮುಟ್ಟಿ ಎಷ್ಟೋ ಕಾಲ ಆಯ್ತು."

ಹೌದು ಅಕ್ಕ. ಈಚೆಗೆ ನೆಟ್ಟಗೆ ಬರುತ್ತಿದ್ದವು ನನ್ನವು. ನಿನ್ನ ಹಾಳೆಯನ್ನು ಕನ್ನಡಿಯ ಮುಂದೆ ಹಿಡಿದ ಕೂಡಲೇ ನನಗೆ ಎಲ್ಲ ಅರ್ಥವಾಯಿತು. ಅಪ್ಪನ ಪಕ್ಕ ಕೂತು ಕಲಿತವಳು ನೀನೊಬ್ಬಳೇ ಎಂದುಕೊಂಡಿದ್ದೀಯಾ? ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ. ಕಣ್ಣು ತೆರೆದುಕೊಂಡೇ, ಒಂದೊಂದು ಎಡಗೈಯನ್ನೂ ಬೇಕೆಂದೇ ಕೆತ್ತಿದೆ. ನಿನ್ನದಕ್ಕಿಂತ ಆಳವಾಗಿ ಕೆತ್ತಿದೆ, ಬೇಗ ಸವೆಯಬಾರದು ಎಂದು. ಮೊದಲ ಹಾಳೆ ತೆಗೆದು ಅವನಿಗೆ ತೋರಿಸಿದರೆ, "ನನ್ನ ಗುರುತು ನೀಟಾಗಿ ಬಿದ್ದಿದೆಯಾ?" ಎಂದು ಮೂಲೆ ನೋಡಿದ. ಮೂಲೆ ಮಾತ್ರ ನೋಡಿದ.

ಯಾಕೆ ಮಾಡಿದೆ ಎಂದು ಕೇಳುತ್ತೀಯಾ? ಕಳೆದ ಚಳಿಗಾಲದಲ್ಲಿ, ಒಂದೇ ಒಂದು ಹಾಳೆಗೆ ನನ್ನ ಗುರುತು ಹಾಕಿಕೊಳ್ಳಲಾ ಎಂದು ಕೇಳಿದ್ದೆ. "ನಿಂಗೂ ಗುರುತು ಬೇಕೇನೇ? ಒಲೆ ಬೂದೀಲಿ ಹೆಬ್ಬೆಟ್ಟು ಒತ್ಕೋ ಹೋಗು" ಎಂದ. ಗಿರಾಕಿಗಳ ಎದುರು ಎಂದ. ಅವರು ನನ್ನ ಕೆಲಸವನ್ನು ಕೈಯಲ್ಲಿ ಹಿಡಿದುಕೊಂಡೇ ನಕ್ಕರು.

ಸಭೆಯ ಬರಹಗಾರ ಲುಟ್ಸ್‌ಗೆ ನೆನಪಿಸಿದ: "ನಿನ್ನ ಕೈಯಿಂದಲೇ ಕೆತ್ತಿದ್ದು ಅಂತ ಇಲ್ಲೇ ಆಣೆ ಇಟ್ಟಿದ್ಯಲ್ಲಪ್ಪ. ಅದು ಸುಳ್ಳಾದ್ರೆ ಆಣೆ ಇಟ್ಟ ಎರಡು ಬೆರಳು ಹೋಗತ್ತೆ, ಗೊತ್ತಿದ್ಯಾ?" ಲುಟ್ಸ್ ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಆಮೇಲೆ ನನ್ನ ಕಡೆ ತಿರುಗಿದರು. "ನೀನೇನಮ್ಮಾ ಕೆತ್ತಿದ್ದು?"

"ನಾನಾ? ನಾನು ಮಸಿ ಅರೆಯೋಳು ಸ್ವಾಮಿ" ಎಂದೆ. "ಬೇಕಾದ್ರೆ ಅವರನ್ನೇ ಕೇಳಿ, ಊರಿಗೆಲ್ಲ ಅವರೇ ಹೇಳ್ಕೊಂಡು ಬಂದಿದಾರೆ."

ನನ್ನ ಮಾತಿನಿಂದ ಅವನ ಆಣೆ ನಿಜವೆಂದಾಯಿತು, ಬೆರಳು ಉಳಿಯಿತು. ಸಭೆಯನ್ನು ಅವಮಾನಿಸಿದ್ದಕ್ಕೆ ಊರು ಹೋಯಿತು, ಅಂಗಡಿ ಹೋಯಿತು, ರಕ್ಷಣೆಯ ಪತ್ರದ ಮಾತೇ ಇಲ್ಲ. ಕರುಣೆಯಿಂದ ಬೆರಳು ಉಳಿಸಿದೆ ಎಂದು ತಿಳಿಯಬೇಡ. ಬೆರಳಿಲ್ಲದ ಕೆತ್ತನೆಗಾರನನ್ನು ಕಂಡರೆ ಜನ ಅಯ್ಯೋ ಎನ್ನುತ್ತಾರೆ. ಐದೂ ಬೆರಳು ಗಟ್ಟಿಯಾಗಿದ್ದು ಒಂದು ನೆಟ್ಟಗಿನ ಗೆರೆ ಎಳೆಯಲಾರದವನನ್ನು ಕಂಡು ಹೋದ ಊರಲ್ಲೆಲ್ಲ ನಗಲಿ ಎಂದು ಉಳಿಸಿದೆ. ಅವನು ಡ್ಯಾನ್ಯೂಬ್ ಕೆಳಗೆ ಯಾವುದೋ ದೋಣಿ ಹತ್ತಿ ಹೋದ. ನಾನು ಜೊತೆಗೆ ಹೋಗಲಿಲ್ಲ.

ಆದರೆ ನೋಡು, ನಾನು ಕೆತ್ತಿದ್ದೆಲ್ಲ ಅವನದೇ ಎಂದು ಊರಿನ ಎದುರು ನಾನೇ ಒಪ್ಪಿ ಬಂದಂತಾಯಿತು. ಇಷ್ಟು ವರ್ಷದ ನನ್ನ ಕೈ ಇನ್ನು ಅವನ ಕೈ. ಅಂಗಡಿಯ ತಗಡುಗಳನ್ನೆಲ್ಲ ಸಭೆ ವಶ ಮಾಡಿಕೊಂಡು ಪಾತ್ರೆ ಮಾಡುವವನ ಕುಲುಮೆಗೆ ಹಾಕಿಸಿತು. ಅಪ್ಪನ ಪೆಟ್ಟಿಗೆಯೂ ಅದರಲ್ಲಿ ಹೋಯಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಆ ಹಾಳೆ ಕಳಿಸುವಾಗ ಈ ಮನೆಯಲ್ಲಿ ನಾನೂ ಇದ್ದೇನೆ ಎಂದು ನಿನಗೆ ಗೊತ್ತಿತ್ತು. ನೀನು ಯಾವಾಗಲೂ ಗಂಟೆಯ ಮಾತು ಆಡುತ್ತೀಯೆ, ಉಂಗುರದ ಮಾತು ಆಡುವುದಿಲ್ಲ. ಇರಲಿ. ನಾನು ನಿನ್ನಿಂದ ಕೇಳುವುದು ಒಂದೇ. ಆ ಎಡಗೈಗಳನ್ನು ಕೆತ್ತಿದ ಕೈ ನನ್ನದು ಎಂದು ನೀನು ಒಂದು ಸಾಲು ಬರೆ. ಊರಿಗೆ ಹೇಳಬೇಡ. ನನಗೆ ಬರೆ ಸಾಕು.

ಆಗ್ನೆಸ್


ನ್ಯೂರೆಂಬರ್ಗ್
ಸಂತ ಯೋಹಾನನ ಹಬ್ಬ, 1537

ಆಗ್ನೆಸ್,

ಕಾಗದ ಒಡೆದೆ. ಓದಿದೆ. ಕರಿ ಬಟ್ಟೆ ತೆಗೆದು ಪೆಟ್ಟಿಗೆಗೆ ಹಾಕಿ, ಅಪ್ಪನ ಗೋರಿಗೆ ಹೋಗಿ ಜೋರಾಗಿಯೇ ಹೇಳಿ ಬಂದೆ, ಲುಟ್ಸ್ ಮುಳುಗಿದ ಎಂದು. ಪಕ್ಕದ ಗೋರಿಗೆ ಹೂ ಇಡುತ್ತಿದ್ದವರು ತಿರುಗಿ ನೋಡಿದರು, ನೋಡಲಿ. ಆ ಕಟುಕನ ಹೆಸರು ಗೊತ್ತಾದರೆ ತಿಳಿಸು, ಅವನಿಗೆ ಮಸಾಲೆ ಹಾಕಿದ ಜೇನಿನ ಬಿಸ್ಕತ್ತು ಕಳಿಸುತ್ತೇನೆ.

ಅಪ್ಪನ ತಗಡುಗಳು ಕರಗಿದವು ಎಂದು ಓದಿದಾಗ ಮಾತ್ರ ಕಾಗದ ಕೆಳಗಿಟ್ಟೆ. ನೀನು ಒಂದನ್ನಾದರೂ ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳಬಹುದಿತ್ತು.

ಆದದ್ದಾಯಿತು. ನೀನು ಮನೆಗೆ ಬಾ. ನಿನ್ನ ಹಾಸಿಗೆ ಮೇಲಿನ ಕೋಣೆಯಲ್ಲೇ ಇದೆ. ಕೆಲಸಕ್ಕೆ ಬರವಿಲ್ಲ. ಗಂಟೆಗೆ ಈಗ ಎದುರಾಳಿಯಿಲ್ಲ, ಎಲ್ಲ ಊರಿಂದಲೂ ಕೇಳುತ್ತಾರೆ, ನನ್ನ ಒಂದು ಕೈ ಸಾಲುವುದಿಲ್ಲ. ನೀನು ಕೆತ್ತು, ನಾನು ನೋಡಿ ತಿದ್ದುತ್ತೇನೆ, ಗಂಟೆಯ ಗುರುತು ಹಾಕಿ ಕಳಿಸೋಣ. ಮಸಿ ಅರೆಯಲು ಇದ್ದ ಹೆಂಗಸು ಬಿಟ್ಟು ಹೋಗಿದ್ದಾಳೆ. ಹೊಸಬಳು ಸಿಗುವ ತನಕ ಅದನ್ನೂ ಸ್ವಲ್ಪ ನೋಡಿಕೊಂಡರೆ ಆಯಿತು.

ಯಾರ ಕೈ ಕೆತ್ತಿತು ಎನ್ನುವುದೆಲ್ಲ ಈಗ ಯಾಕೆ? ಯೋಚನೆ ಮಾಡಿದವಳು ನಾನು, ಹಾಳೆ ನನ್ನದು. ಈ ಮನೆಯಲ್ಲಿ ಎಲ್ಲರ ಕೈಯೂ ಅಪ್ಪನ ಕೈಯೇ. ಗಂಟೆ ಇರುವುದು ಅದಕ್ಕೇ.

ಉರ್ಸುಲಾ


ಫ್ರಾಂಕ್‌ಫರ್ಟ್
ಶರತ್ಕಾಲದ ಸಂತೆ, 1537

ಮಗಳೇ,

ನಿನ್ನ "ಪ್ರಮಾಣದ ದಿನ" ಹಾಳೆಗಳ ಕಟ್ಟನ್ನು ಬಿಚ್ಚಿದ ಹಾಗೇ ಮತ್ತೆ ಕಟ್ಟಿದ್ದೇನೆ. ನನ್ನ ಮೇಲೆ ರೇಗಬೇಡ, ಕೆಲಸ ಚೆನ್ನಾಗಿಲ್ಲ ಎಂದಲ್ಲ. ಉಲ್ಮ್‌ನ ಕಥೆ ನನಗಿಂತ ಮೊದಲೇ ಇಲ್ಲಿಗೆ ಬಂದು ಕೂತಿದೆ. ಮಗ್ಗದವರು, ದರ್ಜಿಗಳು, ವಿದ್ಯಾರ್ಥಿಗಳು, ಎಲ್ಲರಿಗೂ ಅದೇ ಬೇಕು. ಒಬ್ಬ ವಕೀಲ ಬಂದು ನಿನ್ನ ಹಾಳೆಯನ್ನು ಹತ್ತಿರ ಹಿಡಿದು ನೋಡಿ ವಾಪಸ್ಸು ಕೊಟ್ಟ.

"ಇದರಲ್ಲಿ ಬಲಗೈ ಇದೆಯಲ್ಲಯ್ಯಾ."

"ಬಲಗೈಯೇ ಸ್ವಾಮಿ. ಇದೇ ಅಸಲು. ನಮ್ಮ ಹುಡುಗಿ ಮೊದಲು ಕೆತ್ತಿದ್ದು ಇದನ್ನೇ."

"ಬಲಗೈಲಿ ಆಣೆ ಇಡೋ ಮೇಯರ್ನ ನೋಡೋಕೆ ದುಡ್ಡು ಯಾಕಯ್ಯ ಕೊಡ್ಲಿ, ನಮ್ಮೂರಲ್ಲೇ ಇದಾನೆ. ಎಡಗೈದು ಇದ್ರೆ ತೆಗಿ. ಇಲ್ದಿದ್ರೆ ಈ ನಕಲು ಮಡಿಸಿಡು."

ಆ ಮಾತಿಗೆ ನನ್ನ ಕಿವಿ ಬಿಸಿಯಾಯಿತು. ನಿಮ್ಮಪ್ಪ ಕೂತಿದ್ದ ಅದೇ ಸಾಲಿನಲ್ಲಿ ಕೂತಿದ್ದೆ ನಾನು. ನಿನಗೆ ಹೇಳಬಾರದು ಅಂದುಕೊಂಡೆ, ಆದರೆ ಕಟ್ಟು ವಾಪಸ್ಸು ಬಂದಾಗ ನಿನಗೇ ಗೊತ್ತಾಗುತ್ತದೆ.

ಉಲ್ಮ್‌ನಲ್ಲಿ ಆಚೀಚೆ ಉಳಿದಿದ್ದ ಎಡಗೈ ಹಾಳೆಗಳನ್ನು ಜನ ಕೈಯಿಂದ ಕೈಗೆ ದಾಟಿಸಿಕೊಳ್ಳುತ್ತಿದ್ದಾರೆ. ಕದ್ದುಮುಚ್ಚಿ ಮಾರುವವರು ಸಿಕ್ಕರೆ ಹಬ್ಬ. ನೀನೂ ಒಂದು ಎಡಗೈಯದು ಕೆತ್ತಿ ಕೊಡು, ಬೇರೆ ದಾರಿ ಕಾಣುವುದಿಲ್ಲ. ನಿನ್ನದೇ ಹಾಳೆಯ ನಕಲಿನ ನಕಲನ್ನು ನೀನೇ ಮಾಡುವುದು ಕಷ್ಟ, ಗೊತ್ತು. ಆಗ್ನೆಸ್‌ಗೆ ಬೇಕಾದದ್ದು ಒಂದು ಸಾಲು ಅಂತೆ, ನನಗೂ ಬರೆದಿದ್ದಳು. ಬರೆದುಬಿಡೇ. ಬರೆದರೆ ನಿನ್ನ ಗಂಟೇನೂ ಒಡೆಯುವುದಿಲ್ಲ.

ಎಂಡ್ರೆಸ್


ಸ್ಟ್ರಾಸ್‌ಬರ್ಗ್
ಸಂತ ಕ್ಯಾಥರೀನಳ ಹಬ್ಬದ ಮರುದಿನ, 1537

ಅಕ್ಕಾ,

ನಿನ್ನ ಎರಡನೆಯ ಕಾಗದವೂ ತಲುಪಿತು. ನಾನು ಕೇಳಿದ ಸಾಲು ಅದರಲ್ಲಿದೆ. ತಡವಾಗಿ ಬಂತು. ಅದರ ಕೆಳಗೆ, ಎಡಗೈಯ ಹಾಳೆಯನ್ನು ಬೇಗ ಕೆತ್ತಿ ಕಳಿಸು, ಸಂತೆಯಲ್ಲಿ ಕೇಳುತ್ತಿದ್ದಾರೆ ಎಂದೂ ಇದೆ. ಮೇಲಿನ ಸಾಲು ಯಾಕೆ ಬಂತು ಎಂದು ಕೆಳಗಿನ ಸಾಲು ಹೇಳಿತು. ಬರೆಯದೆ ಇದ್ದಿದ್ದರೆ ನಿನ್ನ ಮೇಲೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಾನು ಮನೆಗೆ ಬರುವುದಿಲ್ಲ. ಒಬ್ಬನ ಮಸಿ ಅರೆದು ಬಂದಿದ್ದೇನೆ, ನಿನ್ನದು ಅರೆಯಲಾರೆ. ಸೆರಗಿನಲ್ಲಿ ಒಂದು ತಗಡು ಮುಚ್ಚಿಟ್ಟುಕೊಳ್ಳಬಹುದಿತ್ತು ಎಂದೆಯಲ್ಲ. ಇಟ್ಟುಕೊಳ್ಳಬಹುದಿತ್ತು. ಯಾವುದನ್ನು ಎಂದು ನೀನು ಕೇಳಲಿಲ್ಲ. ನಿನ್ನ ಮನಸ್ಸಿನಲ್ಲಿದ್ದದ್ದು ಅಪ್ಪನದು ಮಾತ್ರ, ಅದೇ ಕುಲುಮೆಯಲ್ಲಿ ಕರಗಿದ ನನ್ನವಲ್ಲ.

ಇಲ್ಲಿ ಒಬ್ಬ ವಿಧವೆಯ ಮನೆಯ ಮೇಲಂತಸ್ತಿನಲ್ಲಿದ್ದೇನೆ. ಕಿಟಕಿ ಉತ್ತರಕ್ಕಿದೆ, ಬೆಳಕು ಚೆನ್ನಾಗಿದೆ. ಎಡಗೈಯ ಹಾಳೆಯನ್ನು ಮೊದಲಿಂದ ಕೆತ್ತಿದೆ. ಜನರ ಮುಖ ಹೊಸದು. ಆ ಕಟುಕನನ್ನೂ ನಿಲ್ಲಿಸಿದ್ದೇನೆ, ಬಾಯಿ ದೊಡ್ಡದಾಗಿ ತೆರೆದಿದ್ದಾನೆ. ಮೂಲೆಯಲ್ಲಿ ನನ್ನ ಗುರುತು, ಎತ್ತಿದ ಒಂದು ಪುಟ್ಟ ಎಡಗೈ. ಹಾಕಿದ ಅಚ್ಚು ಒಣಗುವ ಮೊದಲೇ ಜನ ಬಂದು ಕೊಂಡು ಹೋಗುತ್ತಾರೆ. ಕೆಳಗಿನ ಬೀದಿಯ ಹೆಂಗಸರು ನನ್ನನ್ನು "ಎಡಗೈಯಮ್ಮ" ಎನ್ನುತ್ತಾರೆ. ಕೂಗಿದರೆ ತಿರುಗಿ ನೋಡುತ್ತೇನೆ.

ನಕಲು ಮಾಡುವವರು ಹುಟ್ಟಿಕೊಳ್ಳುತ್ತಾರೆ ಎಂದು ಈ ಊರಿನ ಸಭೆಗೆ ಅರ್ಜಿ ಹಾಕಿದ್ದೆ. ನಿನ್ನೆ ಕರೆದಿದ್ದರು. ಉದ್ದ ಮೇಜಿನ ಆಚೆ ಕೂತಿದ್ದ ಮುದುಕ ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡಷ್ಟು ಹತ್ತಿರ ಹಿಡಿದು, ಒಬ್ಬನೇ ನಕ್ಕು, ಆಮೇಲೆ ಮುಖ ಬಿಗಿ ಮಾಡಿಕೊಂಡು ಕೇಳಿದ: "ಇದು ನ್ಯೂರೆಂಬರ್ಗ್‌ನಲ್ಲಿ ಗಂಟೆ ಗುರುತಲ್ಲೂ ಬರತ್ತಂತಲ್ಲಮ್ಮಾ? ಯಾವುದು ಅಸಲು?"

"ಜನ ಯಾವುದನ್ನ ಕೇಳ್ಕೊಂಡು ಬರ್ತಾರೋ ಅದು ಸ್ವಾಮಿ" ಎಂದೆ.

"ಅದು ಬಿಡು. ಈ ತಗಡನ್ನ ಕೆತ್ತಿದ ಕೈ ಯಾರದು? ಆಣೆ ಇಟ್ಟು ಹೇಳ್ಬೇಕು."

ಬಲಗೈ ಎತ್ತಿ, "ನನ್ನದು" ಎಂದೆ. ನನ್ನ ದನಿ ಆ ಕೋಣೆಯಲ್ಲಿ ಎಷ್ಟು ಜೋರಾಗಿ ಕೇಳಿತು ಎಂದರೆ ನನಗೇ ಭಯವಾಯಿತು. ಬರಹಗಾರ ಬರೆದುಕೊಂಡ. ನಾನು ಕಂಬದ ಪಕ್ಕ ನಿಂತು, ಅವನು ನನ್ನ ಹೆಸರಿನ ಮೇಲೆ ಮರಳು ಉದುರಿಸಿ ಮಸಿ ಒಣಗಿಸುವುದನ್ನು ಕೊನೆಯ ತನಕ ನೋಡಿದೆ. ರಕ್ಷಣೆಯ ಪತ್ರ ಇವತ್ತು ಕೈಗೆ ಬಂತು.

ಆದ್ದರಿಂದ ಎಂಡ್ರೆಸ್ ಚಿಕ್ಕಪ್ಪನಿಗೆ ತಿಳಿಸು. ಈ ಕಡೆ ಬರುವಾಗ ನಿನ್ನ ಪ್ರಮಾಣದ ಹಾಳೆಗಳನ್ನು, ಬಲಗೈಯದಾಗಲಿ ಎಡಗೈಯದಾಗಲಿ, ಗಂಟಿನಲ್ಲಿ ತರಬೇಡ ಎನ್ನು. ಊರ ಬಾಗಿಲಲ್ಲೇ ನಕಲು ಎಂದು ಹಿಡಿಯುತ್ತಾರೆ. ಪಾಪ, ಮುದುಕನ ಮೇಲೆ ನನಗೆ ಸಿಟ್ಟಿಲ್ಲ.

ಆಗ್ನೆಸ್ ಶೆಲ್
ಕೆತ್ತನೆಗಾರ್ತಿ